ಬ್ಯಾಕ್‌ಗ್ರೌಂಡಿನಲ್ಲಿ ಸಾಯುವವರು

'ಮಯೂರ' ಸಿನಿಮಾದ ಮೇಲೆ ನನ್ನದೊಂದು ಹಳೇ ತಕರಾರಿದೆ. ಹೇಳೋಕೆ ಸ್ವಲ್ಪ ಭಯ. ಅಣ್ಣಾವ್ರ ಸಿನಿಮಾ. ನವೆಂಬರ್ ಬಂತೆಂದರೆ ಯಾವುದಾದರೂ ಚಾನೆಲ್‌ನಲ್ಲಿ ಅದು ಬರಲೇಬೇಕು, ಬಂದರೆ ನಾನೂ ರಿಮೋಟ್ ಕೆಳಗಿಟ್ಟು ನೋಡಲೇಬೇಕು. ಸೊರಬ, ಶಿಕಾರಿಪುರ ಕಡೆಯವರಿಗಂತೂ ಅದು ಬರೀ ಸಿನಿಮಾ ಅಲ್ಲ, ಊರ ಸಿನಿಮಾ. ಚಂದ್ರಗುತ್ತಿಯ ಕೋಟೆ ಹತ್ತಿ ನಿಂತು, ಆಗೋ ಆ ಕಡೆ ಬನವಾಸಿ, ಈ ಕಡೆ ತಾಳಗುಂದ ಅಂತ ಬೆರಳು ಮಾಡಿ ತೋರಿಸೋ ಜನ ನಾವು. ನಮ್ಮ ಮಣ್ಣಿನ ಹುಡುಗನೊಬ್ಬ ಕಂಚಿಯ ಪಲ್ಲವರಿಗೆ ಸೆಡ್ಡು ಹೊಡೆದು ರಾಜ್ಯ ಕಟ್ಟಿದ ಅನ್ನೋ ಕತೆ ಕೇಳಿದರೆ ಮೈ ಜುಮ್ಮನ್ನದೆ ಇರುತ್ತಾ?

ತಕರಾರು ಇರೋದೇ ಆ 'ನಮ್ಮ ಮಣ್ಣಿನ ಹುಡುಗ' ಅನ್ನೋ ಮಾತಿನಲ್ಲಿ.

ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಲ್ಲುಕಂಬ ಇದೆ. ಐದನೇ ಶತಮಾನದಲ್ಲಿ, ಕದಂಬರ ಶಾಂತಿವರ್ಮನ ಕಾಲದಲ್ಲಿ, ಕುಬ್ಜ ಅನ್ನೋ ಕವಿ ಬರೆದ ಸಂಸ್ಕೃತ ಶಾಸನ ಅದರ ಮೇಲಿದೆ. ಮಯೂರಶರ್ಮನ ಬಗ್ಗೆ ನಮಗೆ ಗೊತ್ತಿರೋದರಲ್ಲಿ ಮುಕ್ಕಾಲುಪಾಲು ಬಂದಿರೋದು ಅಲ್ಲಿಂದಲೇ. ಅದು ಹೇಳೋ ಕತೆ ಇಷ್ಟು: ಇವನೊಬ್ಬ ಬ್ರಾಹ್ಮಣ ಹುಡುಗ. ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದೋಕೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳ ಆಗುತ್ತೆ, ಅವಮಾನ ಆಗುತ್ತೆ. ದರ್ಭೆ, ಸಮಿತ್ತು ಹಿಡಿದು ರೂಢಿಯಾಗಿದ್ದ ಕೈಯಲ್ಲಿ ಕತ್ತಿ ಹಿಡಿಯುತ್ತಾನೆ. ಗಡಿ ಕಾಯೋರನ್ನ ಹೊಡೆದು, ಶ್ರೀಪರ್ವತದವರೆಗಿನ ಕಾಡಿನಲ್ಲಿ ನೆಲೆ ಮಾಡಿಕೊಂಡು, ಬಾಣರಿಂದ ಕಪ್ಪ ವಸೂಲಿ ಮಾಡಿ, ಪಲ್ಲವರಿಗೆ ಎಷ್ಟು ಕಾಟ ಕೊಡುತ್ತಾನೆ ಅಂದರೆ ಕೊನೆಗೆ ಅವರೇ ರಾಜಿಗೆ ಬಂದು ಪಟ್ಟ ಕಟ್ಟುತ್ತಾರೆ.

ಈಗ 1975ರ ಸಿನಿಮಾಕ್ಕೆ ಬನ್ನಿ. ದೇವುಡು ಅವರ ಕಾದಂಬರಿ ಆಧರಿಸಿದ್ದು, ವಿಜಯ್ ನಿರ್ದೇಶನ. ಅಲ್ಲಿ ಮಯೂರನಿಗೆ ಒಂದು ಗುಟ್ಟು ಗೊತ್ತಾಗುತ್ತೆ: ನೀನು ಬ್ರಾಹ್ಮಣನಲ್ಲಪ್ಪಾ, ಪಲ್ಲವರ ಕೈಯಲ್ಲಿ ಸತ್ತ ಕದಂಬ ರಾಜನ ಮಗ. ನಿನ್ನ ಮೈಯಲ್ಲಿ ಹರಿಯೋದು ರಾಜರಕ್ತ. ಅಲ್ಲಿಂದಾಚೆಗೆ ಅದು ಕಳಕೊಂಡ ಸಿಂಹಾಸನ ವಾಪಸ್ ಪಡೆಯೋ ಕತೆ.

ವ್ಯತ್ಯಾಸ ಗಮನಿಸಿ. ಕಲ್ಲಿನಲ್ಲಿ ಇರೋನು ರಾಜನಾಗೋಕೆ ಯಾವ ಹಕ್ಕೂ ಇಲ್ಲದವನು, ಅವಮಾನ ತಡೀಲಾರದೆ ರಾಜನಾದವನು. ಸಿನಿಮಾದಲ್ಲಿ ಇರೋನು ಹುಟ್ಟಿನಿಂದಲೇ ರಾಜ, ಅವನಿಗೆ ಗೊತ್ತಿರಲಿಲ್ಲ ಅಷ್ಟೆ. 1,500 ವರ್ಷ ಹಿಂದಿನ ಆಸ್ಥಾನಕವಿಗೆ ಒಪ್ಪಿಕೊಳ್ಳೋಕೆ ಆಗಿದ್ದನ್ನ ನಮ್ಮ ಪ್ರಜಾಪ್ರಭುತ್ವದ ಸಿನಿಮಾಕ್ಕೆ ಒಪ್ಪಿಕೊಳ್ಳೋಕೆ ಆಗಲಿಲ್ಲ. ಯಾರೋ ಒಬ್ಬ ವಿದ್ಯಾರ್ಥಿ ಎದ್ದು ರಾಜ್ಯ ಕಟ್ಟಬಲ್ಲ ಅನ್ನೋದು ನಂಬೋ ಮಾತಲ್ಲ, ರಕ್ತದಲ್ಲಿ ಏನೋ ಇದ್ದಿರಲೇಬೇಕು ಅನ್ನೋ ತೀರ್ಮಾನ.

ಕಂಬವನ್ನೂ ನಾನು ತಲೆಮೇಲೆ ಹೊತ್ತುಕೊಂಡು ಕುಣಿಯಲ್ಲ. ಕುಬ್ಜ ತನ್ನ ಒಡೆಯನ ವಂಶ ಹೊಗಳೋಕೆ ಬರೆದವನು. ಅವನ ಹೀರೋ ಬ್ರಾಹ್ಮಣ, ಅಂದರೆ ಆ ಕಾಲದ ತೀರಾ ಕೆಳಗಿನವನೇನಲ್ಲ. ಶ್ರೀಪರ್ವತದ ಕಾಡಿನಲ್ಲಿ ಆ ಓದುವ ಹುಡುಗನಿಗೆ ಅನ್ನ ಹಾಕಿದವರು, ದಾರಿ ತೋರಿಸಿದವರು, ಅವನ ಬದಲಿಗೆ ಬಾಣಕ್ಕೆ ಎದೆ ಕೊಟ್ಟವರು ಯಾರು ಅಂತ ಕಂಬದಲ್ಲೂ ಇಲ್ಲ. ಒಬ್ಬನೇ ಹೋಗಿ ಗಡಿ ಪಡೆ ಸೋಲಿಸೋಕೆ ಆಗಲ್ಲವಲ್ಲ. ಕಂಬ ಬಿಟ್ಟಿದ್ದು ಅವರನ್ನ. ಸಿನಿಮಾ ಅವರನ್ನೂ ಬಿಟ್ಟು, ಇದ್ದ ಹುಡುಗನನ್ನೂ ರಾಜಕುಮಾರ ಮಾಡಿತು.

ಹೋಗಲಿ, ಐವತ್ತು ವರ್ಷದ ಹಿಂದಿನ ಸಿನಿಮಾ ಅಂತೀರಾ? 2015ರ 'ಬಾಹುಬಲಿ' ನೆನಪಿಸಿಕೊಳ್ಳಿ. ಇತಿಹಾಸ ಅಲ್ಲ ನಿಜ, ಆದರೆ ಈಗಿನ ಐತಿಹಾಸಿಕ ಸಿನಿಮಾಗಳೆಲ್ಲ ಕಾಪಿ ಹೊಡೀತಾ ಇರೋ ವ್ಯಾಕರಣ ಅದರದ್ದೇ. ಕಾಡಿನ ಜನರ ಮನೆಯಲ್ಲಿ ಬೆಳೆದ ಶಿವುಡು ಜಲಪಾತ ಹತ್ತುತ್ತಾನೆ. ಯಾಕೆ ಅವನಿಗೆ ಮಾತ್ರ ಹತ್ತೋಕೆ ಆಗುತ್ತೆ? ರಾಜರಕ್ತ. ಅವನನ್ನ ಸಾಕಿದವರಿಗೆ ಆಗಲ್ಲ. ಗುಲಾಮ ಕಟ್ಟಪ್ಪ ಎಲ್ಲರಿಗಿಂತ ದೊಡ್ಡ ಯೋಧ, ಆದರೂ ಗುಲಾಮ, ಅದೇ ಅವನ ಹಿರಿಮೆ. ಶತ್ರುಗಳು ಯಾರು? ಕಪ್ಪು ಮೈಯ, ಅರ್ಥವಾಗದ ಭಾಷೆ ಮಾತಾಡೋ ಕಾಲಕೇಯರು. ನಾವು ಚಪ್ಪಾಳೆ ತಟ್ಟಿದ್ವಿ. ನಾನೂ ತಟ್ಟಿದೆ, ಮೊದಲ ದಿನದ ಶೋನಲ್ಲೇ.

ಇದರ ಇನ್ನೊಂದು ಮುಖ ನೋಡಿ. 2017ರಲ್ಲಿ ನೋಲನ್‌ನ 'ಡನ್‌ಕರ್ಕ್' ಬಂದಾಗ ನಮ್ಮ ಆಫೀಸುಗಳಲ್ಲಿ ಕಾಫಿ ಮಶೀನ್ ಪಕ್ಕ ಏನು ಚರ್ಚೆ! ಆ ಕಡಲತೀರದಲ್ಲಿ ಹೇಸರಗತ್ತೆ ಹೊಡೆಯೋ ಭಾರತೀಯ ಸೈನಿಕರ ತುಕಡಿಗಳಿದ್ದವು, ಅವರನ್ನ ಒಂದು ಶಾಟ್‌ನಲ್ಲೂ ತೋರಿಸಿಲ್ಲ ಅಂತ ನಾವೆಲ್ಲ ಸಿಟ್ಟಾದ್ವಿ. '1917' ಬಂದಾಗ ಲಾರಿಯಲ್ಲಿ ಒಬ್ಬ ಸಿಖ್ ಸೈನಿಕ ಕೂತಿದ್ದಕ್ಕೆ ಲಾರೆನ್ಸ್ ಫಾಕ್ಸ್ ಅನ್ನೋ ಇಂಗ್ಲಿಷ್ ನಟ, ಇದು ಬಲವಂತದ ಡೈವರ್ಸಿಟಿ ಅನ್ನೋ ಅರ್ಥದಲ್ಲಿ ಮಾತಾಡಿದ. ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹೋದವರು 10 ಲಕ್ಷಕ್ಕೂ ಹೆಚ್ಚು ಜನ ಕಣಯ್ಯಾ ಅಂತ ಎಲ್ಲರೂ ಮುಗಿಬಿದ್ದರು, ಆಮೇಲೆ ಅವನು ಸಿಖ್ಖರ ಕ್ಷಮೆ ಕೇಳಿದ. ಸರಿಯಾಗೇ ಆಯಿತು. ಆದರೆ ಬಿಳಿಯರ ಸಿನಿಮಾದಲ್ಲಿ ನಮ್ಮ ಹೇಸರಗತ್ತೆ ಹೊಡೆಯೋನನ್ನ ಹುಡುಕಿದ ಇದೇ ಕಣ್ಣು, ನಮ್ಮ ಸಿನಿಮಾ ನೋಡುವಾಗ ಯಾಕೆ ಮುಚ್ಚಿಕೊಳ್ಳುತ್ತೆ? ನಮ್ಮ ಯುದ್ಧಗಳಿಗೆ ಧಾನ್ಯ ಹೊತ್ತವರು ಯಾರು ಅಂತ ಯಾವತ್ತಾದರೂ ಕೇಳಿದ್ದೀವಾ?

ಉತ್ತರ ಇದೆ, ಅದೂ ಶಿಕಾರಿಪುರದ ತಾಂಡಾಗಳಲ್ಲೇ ಇದೆ. ಲಂಬಾಣಿಗರು ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಮೊಘಲರ ಸೈನ್ಯಕ್ಕೂ ಒದಗಿಸಿದ್ದಾರೆ, ಆಮೇಲೆ ಇಂಗ್ಲಿಷರಿಗೂ. 1791-92ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಬಂದಾಗ ಅವನ ಸೈನ್ಯದ ಹೊಟ್ಟೆ ತುಂಬಿಸಿದ್ದು ಬಹುಮಟ್ಟಿಗೆ ಅವರ ಎತ್ತಿನ ಹಿಂಡುಗಳು. ಸೈನ್ಯ ನಡೆಯೋದು ಹೊಟ್ಟೆಯ ಮೇಲೆ ತಾನೆ? ಆದರೆ ಸಿನಿಮಾದಲ್ಲಿ ಲಂಬಾಣಿ ಬರೋದು ಒಂದು ಡಾನ್ಸಿಗೆ. ಕನ್ನಡಿ ಕೂರಿಸಿದ ಲಂಗ, ಮುಗೀತು.

ಇನ್ನು ಸೊರಬ, ಸಾಗರದ ದೀವರನ್ನೇ ತಗೊಳ್ಳಿ. ಹಳೇ ದಾಖಲೆಗಳಲ್ಲಿ ಅವರನ್ನ ಹಳೇಪೈಕರು ಅಂತಾರೆ. ಆ ಹೆಸರಿಗೇ 'ಹಳೆಯ ಕಾಲಾಳು' ಅನ್ನೋ ಅರ್ಥ ಹೇಳೋದುಂಟು. ಒಂದು ಇಡೀ ಸಮುದಾಯದ ಹೆಸರಿನಲ್ಲೇ ಯುದ್ಧ ಕೂತಿದೆ. ಚಂದ್ರಗುತ್ತಿ ಸಣ್ಣ ಜಾಗ ಅಲ್ಲ. ವಿಜಯನಗರದ ಮೊದಲ ದಿನಗಳಲ್ಲಿ ಹರಿಹರನ ತಮ್ಮ ಮಾರಪ್ಪ ಇಲ್ಲಿಂದ ಆಳಿದ. 'ಗುತ್ತಿ' ಅಂದರೆ ಒಂದು ಪ್ರಾಂತ್ಯದ ಹೆಸರಾಗಿತ್ತು, ಆಮೇಲೆ ಕೆಳದಿಯವರ ಕೈಗೆ ಹೋಯಿತು. ಆ ಕೋಟೆಯ ಕಲ್ಲು ಮೇಲಕ್ಕೆ ಹೊತ್ತವರು, ಮಳೆಗಾಲದ ರಾತ್ರಿ ಅಲ್ಲಿ ಕಂಬಳಿ ಕೊಪ್ಪೆ ಹಾಕಿ ಕಾವಲು ನಿಂತವರು ಯಾವ ರಾಜನ ವಂಶದವರೂ ಅಲ್ಲ. ನಾನು ನೋಡಿದ ಯಾವ ಸಿನಿಮಾದಲ್ಲೂ ಅವರಿಗೆ ಒಂದು ಡೈಲಾಗ್ ಇಲ್ಲ. ಒಂದು ಮೈಲಿ ಉದ್ದದ ಸೈನ್ಯವನ್ನ ಈಗ ಕಂಪ್ಯೂಟರಿನಲ್ಲಿ ಕಾಪಿ ಪೇಸ್ಟ್ ಮಾಡುತ್ತಾರೆ. ಮೊದಲಾದರೂ ಜೂನಿಯರ್ ಆರ್ಟಿಸ್ಟಿಗೆ ದಿನಗೂಲಿ ಸಿಗುತ್ತಿತ್ತು, ಈಗ ಅದೂ ಇಲ್ಲ.

ಇದಕ್ಕೆ ಗೆಳೆಯರು ಕೊಡೋ ಉತ್ತರ ಒಂದೇ: "ಮಾರಾಯ, ಸಾಮಾನ್ಯ ಜನರದ್ದು ದಾಖಲೆ ಎಲ್ಲಿದೆ? ಇತಿಹಾಸ ಬರೆಸಿದ್ದೇ ರಾಜರು."

ಸುಳ್ಳು. ಈ ಒಂದು ವಿಷಯದಲ್ಲಿ ಕರ್ನಾಟಕದಷ್ಟು ಅದೃಷ್ಟದ ನಾಡು ಕಮ್ಮಿ. ಸೊರಬ, ಶಿಕಾರಿಪುರ ತಾಲೂಕುಗಳಲ್ಲಿ ಯಾವ ಊರಿಗೆ ಬೇಕಾದರೂ ಹೋಗಿ, ದೇವಸ್ಥಾನದ ಹಿಂದೆ, ಕೆರೆ ಏರಿಯ ಮೇಲೆ, ಯಾರದೋ ಗದ್ದೆಯ ಬದುವಿನಲ್ಲಿ ವೀರಗಲ್ಲು ಸಿಗುತ್ತೆ. ರೈಸ್ ಸಾಹೇಬರು 1902ರಲ್ಲಿ ಮತ್ತು 1904ರಲ್ಲಿ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನ ಅಚ್ಚು ಹಾಕಿಸಿದಾಗ ಎರಡು ದಪ್ಪ ಸಂಪುಟ ಬೇಕಾಯಿತು. ಅದರಲ್ಲಿ ರಾಜರು ಮಠ, ದೇವಸ್ಥಾನಗಳಿಗೆ ಕೊಟ್ಟ ದಾನ ಎಷ್ಟೋ ಇವೆ. ಆದರೆ ಸಾಲುಸಾಲಾಗಿ ಬರೋದು ಇಂಥವು: ಇಂಥವನು ದನ ಹೊಡೆದುಕೊಂಡು ಹೋಗುವವರ ಮೇಲೆ ಬಿದ್ದು ಸತ್ತ. ಇಂಥವನು ಊರಿಗೆ ದಾಳಿ ಬಂದಾಗ ಕಾದಾಡಿ ಸತ್ತ. ಇಂಥವನು ಹೆಣ್ಣುಮಕ್ಕಳ ಮಾನ ಕಾಯೋಕೆ ಹೋಗಿ ಸತ್ತ. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಅಂತ ಅದಕ್ಕೆ ಬೇರೆಬೇರೆ ಹೆಸರೇ ಇದ್ದವು, ಅಷ್ಟು ಮಾಮೂಲಿ.

ಆ ಕಲ್ಲು ಒಂದು ಸಿನಿಮಾ ಕಣ್ರೀ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಬಾಣ, ದನ, ಬಿದ್ದವರು. ನಡುವಿನದರಲ್ಲಿ ಅಪ್ಸರೆಯರು ಅವನನ್ನ ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಕೈಲಾಸ, ಲಿಂಗದ ಮುಂದೆ ಕೂತಿದ್ದಾನೆ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರ: ಸತ್ತವನ ಹೆಸರು, ಎಷ್ಟೋ ಸಲ ಅಪ್ಪನ ಹೆಸರು, ಕಲ್ಲು ನಿಲ್ಲಿಸಿದವರ ಹೆಸರು. ಅವನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆ ಅಂತಿದ್ದರು. ನೆತ್ತರಿಗೆ ಕೊಟ್ಟ ಕೊಡುಗೆ. ನಮ್ಮ ಯಾವ ಸೂಪರ್‌ಹಿಟ್ ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಇಷ್ಟು ಮರ್ಯಾದೆ ಇದೆ ಹೇಳಿ.

ಬೆಂಗಳೂರಿನವರು ಅಷ್ಟು ದೂರ ಹೋಗಬೇಕಿಲ್ಲ. 'ಬೆಂಗಳೂರು' ಅನ್ನೋ ಹೆಸರು ಮೊದಲು ಸಿಗೋದೇ ಸುಮಾರು 900ರ ಹೊತ್ತಿನ ಬೇಗೂರಿನ ಕಲ್ಲಿನಲ್ಲಿ, ಅದೂ 'ಬೆಂಗಳೂರು ಕಾಳಗ'ದಲ್ಲಿ ಸತ್ತವರ ನೆನಪಿಗೆ. ನೀವು ಇಎಂಐ ಕಟ್ಟುತ್ತಿರೋ ಊರಿನ ಹೆಸರು ಉಳಿದು ಬಂದಿರೋದು ಯುದ್ಧದಲ್ಲಿ ಸತ್ತ ಸಣ್ಣವರ ಜೊತೆ. ಕಸ್ತೂರಬಾ ರಸ್ತೆಯ ಮ್ಯೂಸಿಯಂಗೆ ಬಂದ ಆತಕೂರಿನ ಕಲ್ಲಿದೆ, ಹತ್ತನೇ ಶತಮಾನದ್ದು. ಅದರಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಯ ಹೆಸರಿದೆ. ನಾಯಿಯ ಕಲ್ಲಿಗೆ ಪೂಜೆ ನಡೀಲಿ ಅಂತ ಭೂಮಿ ಬಿಟ್ಟಿದ್ದಾರೆ, ಪೂಜೆ ಮಾಡದೆ ಉಣ್ಣೋ ಗೊರವನಿಗೆ ಪಾಪ ಬರುತ್ತೆ ಅಂತ ಎಚ್ಚರಿಕೆ ಬೇರೆ. ನಾಯಿಗೆ ಹೆಸರು ಕೊಟ್ಟ ನಾಡಿನ ಸಿನಿಮಾದಲ್ಲಿ ಕಾಲಾಳಿಗೆ ಹೆಸರಿಲ್ಲ.

ಹೆಂಗಸರ ವಿಷಯಕ್ಕೆ ಬರೋಣ. ಕನ್ನಡ ಸಿನಿಮಾ ಹೆಂಗಸರನ್ನ ಮರೆತಿಲ್ಲ, ಒಪ್ಪುತ್ತೇನೆ. 1961ರಲ್ಲೇ ಬಿ. ಸರೋಜಾದೇವಿಯ 'ಕಿತ್ತೂರು ಚೆನ್ನಮ್ಮ' ಬಂತು. 1972ರ 'ನಾಗರಹಾವು' ಚಿತ್ರದ ಒಂದು ಹಾಡಿನಲ್ಲಿ ಪುಟ್ಟಣ್ಣ ಜಯಂತಿಯನ್ನ ಓಬವ್ವ ಮಾಡಿ ನಿಲ್ಲಿಸಿದರು. ಕಹಳೆ ಊದುವವನ ಹೆಂಡತಿ, ಕೈಯಲ್ಲಿ ಒನಕೆ. ನನ್ನ ಪ್ರಕಾರ ಕನ್ನಡದ ಅತ್ಯುತ್ತಮ ಯುದ್ಧ ಸಿನಿಮಾ ಆ ಒಂದು ಹಾಡು. ಅದರ ಹೀರೋ ಅರಮನೆಯಲ್ಲಿ ಹುಟ್ಟಿದವಳಲ್ಲ, ಅದಕ್ಕೇ. ಆದರೆ ಅಲ್ಲಿಗೆ ನಿಂತೇಬಿಟ್ವಿ. ಶಿಕಾರಿಪುರ ತಾಲೂಕಿನ ಬಂದಳಿಕೆಯಲ್ಲಿ ಜಕ್ಕಿಯಬ್ಬೆ ಅನ್ನೋಳಿದ್ದಳು, ಹತ್ತನೇ ಶತಮಾನದ ಆರಂಭದಲ್ಲಿ. ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ಪದವಿ ಅವಳಿಗೆ ಕೊಟ್ಟರು. ಎಪ್ಪತ್ತು ಹಳ್ಳಿಯ ಆಡಳಿತ ನಡೆಸಿ, ಕಾಯಿಲೆ ಬಿದ್ದಾಗ ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನ ತಗೊಂಡಳು. ನಿಮ್ಮ ಕಂಪನಿಯ 'ವಿಮೆನ್ ಇನ್ ಲೀಡರ್‌ಶಿಪ್' ಸ್ಲೈಡಿಗೆ ಸಾವಿರದ ನೂರು ವರ್ಷ ಮೊದಲು.

ಕೆಳದಿ ಚೆನ್ನಮ್ಮನನ್ನೇ ನೋಡಿ. 2025ರಲ್ಲಿ 'ಛಾವಾ' ನೋಡಿ ಮಲ್ಟಿಪ್ಲೆಕ್ಸಿನಿಂದ ಕಣ್ಣೊರೆಸಿಕೊಂಡು ಬಂದ ಎಷ್ಟು ಜನಕ್ಕೆ ಮುಂದಿನ ಕತೆ ಗೊತ್ತು? 1689ರಲ್ಲಿ ಸಂಭಾಜಿಯನ್ನ ಕೊಂದ ಮೇಲೆ ಅವನ ತಮ್ಮ ರಾಜಾರಾಮ ಜಿಂಜಿಗೆ ತಪ್ಪಿಸಿಕೊಂಡು ಹೋಗಿದ್ದು ನಮ್ಮ ಮಲೆನಾಡಿನ ಮೇಲೆ. ಆಶ್ರಯ ಕೊಟ್ಟಿದ್ದು ಚೆನ್ನಮ್ಮ. ಅದಕ್ಕಾಗಿ ಔರಂಗಜೇಬನ ಸೈನ್ಯ ಅವಳ ಮೇಲೆ ಬಂತು, ಅವಳು ತಡೆದಳು. ಸಿನಿಮಾಕ್ಕೆ ಇದಕ್ಕಿಂತ ಏನು ಬೇಕು? ಮರಾಠಿ ರಾಜಕುಮಾರ, ಲಿಂಗಾಯತ ರಾಣಿ, ಮೊಘಲ್ ಪಡೆ, ಕಾಡುದಾರಿ ಗೊತ್ತಿದ್ದ ಹಳ್ಳಿಯವರು.

ಶತ್ರು ಅಂದೆನಲ್ಲ, ಅಲ್ಲೇ ಇನ್ನೊಂದು ಮೋಸ ಇದೆ. ಈಗಿನ ಯುದ್ಧ ಸಿನಿಮಾದಲ್ಲಿ ಎರಡು ಕಲರ್ ಗ್ರೇಡಿಂಗ್: ನಮ್ಮವರಿಗೆ ಚಿನ್ನದ ಬೆಳಕು, ಅವರಿಗೆ ಕಪ್ಪು, ಹಸಿರು. ಅವರ ರಾಜ ಕಾಡಿಗೆ ಹಚ್ಚಿಕೊಂಡು ಮಾಂಸ ಹರಿದು ತಿನ್ನಬೇಕು. 'ಪದ್ಮಾವತ್' ನೋಡಿದವರಿಗೆ ವಿವರಿಸಬೇಕಿಲ್ಲ. ನಿಜವಾದ ಸೈನ್ಯಗಳು ಹೀಗೆ ಬಣ್ಣ ಹಂಚಿಕೊಂಡು ನಿಂತಿರಲಿಲ್ಲ. ಎರಡನೇ ದೇವರಾಯ ಮುಸ್ಲಿಂ ಬಿಲ್ಲುಗಾರರನ್ನ, ಕುದುರೆ ಸವಾರರನ್ನ ಸೈನ್ಯಕ್ಕೆ ಸೇರಿಸಿಕೊಂಡ. ಅವನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇವತ್ತಿಗೂ ಇದೆ. 1638ರಲ್ಲಿ ಬೆಂಗಳೂರನ್ನ ಕೆಂಪೇಗೌಡರ ವಂಶದ ಕೈಯಿಂದ ಕಿತ್ತುಕೊಂಡ ಸೈನ್ಯ ಬಿಜಾಪುರದ ಸುಲ್ತಾನನದ್ದು, ದಂಡನಾಯಕ ರಣದುಲ್ಲಾ ಖಾನ್, ಅವನ ಜೊತೆಗಿದ್ದವನು ಶಿವಾಜಿಯ ಅಪ್ಪ ಶಹಾಜಿ. ಈ ಶಾಟಿಗೆ ಯಾವ ಕಲರ್ ಹಾಕ್ತೀರಾ ಹೇಳಿ, ನೋಡೋಣ.

ಹಾಗಂತ ನಮ್ಮಲ್ಲಿ ಪ್ರಾತಿನಿಧ್ಯದ ಮಾತೇ ಇಲ್ಲ ಅಂತಲ್ಲ. ಬೇಕಾದಷ್ಟಿದೆ, ಆದರೆ ಅದು ಜಾತಿಗೊಂದು ವೀರ, ವೀರನಿಗೊಂದು ಜಯಂತಿ, ಜಯಂತಿಗೊಂದು ಸಿನಿಮಾ ಅನ್ನೋ ಲೆಕ್ಕ. 2018ರಲ್ಲಿ ಮದಕರಿ ನಾಯಕನ ಪಾತ್ರ ದರ್ಶನ್ ಮಾಡಬೇಕೋ ಸುದೀಪ್ ಮಾಡಬೇಕೋ ಅಂತ ಗಲಾಟೆ ಎದ್ದಾಗ ಮಾತು ನಟನೆಯಿಂದ ನಟನ ಜಾತಿಗೆ ಹೋಗಿ ನಿಂತಿತು. 2023ರ ಚುನಾವಣೆ ಹೊತ್ತಿಗೆ ಉರಿಗೌಡ, ನಂಜೇಗೌಡ ಅನ್ನೋ ಇಬ್ಬರು ಟಿಪ್ಪುವನ್ನ ಕೊಂದರು ಅಂತ ಒಂದು ಕತೆ ಎಬ್ಬಿಸಿದರು, ಆಗಿನ ಸಚಿವ ಮುನಿರತ್ನ ಅದರ ಮೇಲೆ ಸಿನಿಮಾ ಅಂತ ಘೋಷಿಸಿದರು. ಆದಿಚುಂಚನಗಿರಿ ಸ್ವಾಮೀಜಿ ಕರೆದು ಮಾತಾಡಿದ ಮೇಲೆ ಕೈಬಿಟ್ಟರು. ಇದಕ್ಕಿಂತ ಕ್ರೂರ ತಮಾಷೆ ಇದೆಯಾ? ಸಾವಿರಾರು ಗೌಡರು, ಬೋವಿಗಳು, ಬೇಡರು ನಿಜವಾಗಿ ಸತ್ತು, ಹೆಸರು ಕಲ್ಲಿನ ಮೇಲೆ ಕೆತ್ತಿಸಿಕೊಂಡು ಗದ್ದೆಯಲ್ಲಿ ನಿಂತಿದ್ದಾರೆ. ಅವರನ್ನ ಕೇಳೋರಿಲ್ಲ. ಯಾವ ಕಲ್ಲಿನಲ್ಲೂ ಇಲ್ಲದ ಇಬ್ಬರಿಗೆ ಸಿನಿಮಾ ರೆಡಿ. ಇದ್ದ ಹೆಸರುಗಳಿಂದ ಓಟು ಬರಲ್ಲ, ಅಷ್ಟೆ.

ನಮ್ಮ ಚಂದ್ರಗುತ್ತಿಗೂ ಕ್ಯಾಮೆರಾ ಬಂದಿತ್ತು. 1986ರ ಮಾರ್ಚ್‌ನಲ್ಲಿ, ರೇಣುಕಾಂಬೆಯ ಜಾತ್ರೆಯ ಬೆತ್ತಲೆ ಸೇವೆ ನಿಲ್ಲಿಸೋಕೆ ದಲಿತ ಸಂಘಟನೆಯವರು, ಪೊಲೀಸರು, ಪತ್ರಕರ್ತರು ಬಂದಾಗ. ಆಮೇಲೆ ನಡೆದದ್ದು ದೇಶಕ್ಕೆಲ್ಲ ಗೊತ್ತು. ಹರಕೆ ಹೊತ್ತ ಬಡವರು, ತಡೆಯೋಕೆ ಬಂದ ಕಾರ್ಯಕರ್ತರ ಮೇಲೆ, ಫೋಟೋ ತೆಗೆಯೋರ ಮೇಲೆ, ಪೊಲೀಸರ ಮೇಲೆ ಬಿದ್ದರು. ಆಚರಣೆ ನಿಲ್ಲಬೇಕಿತ್ತು, ನಿಂತಿದ್ದು ಒಳ್ಳೇದೇ ಆಯಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಇವತ್ತಿಗೂ ಬೆಂಗಳೂರಿನಲ್ಲಿ ಊರ ಹೆಸರು ಹೇಳಿದರೆ ಸ್ವಲ್ಪ ವಯಸ್ಸಾದವರು "ಓಹ್, ಆ ಚಂದ್ರಗುತ್ತಿನಾ?" ಅಂತಾರೆ. ಈ ಜನರ ಅಜ್ಜಂದಿರ ಕೈಯಲ್ಲಿ ಕತ್ತಿ ಇದ್ದ ಕಾಲದ ಚಿತ್ರ ನಮ್ಮ ಹತ್ತಿರ ಒಂದೂ ಇಲ್ಲ, ಅವರ ಮೈಮೇಲೆ ಬಟ್ಟೆ ಇಲ್ಲದ ದಿನದ ಚಿತ್ರ ಎಲ್ಲರ ತಲೆಯಲ್ಲೂ ಇದೆ.

"ಸಿನಿಮಾ ಸಿನಿಮಾ ಥರ ನೋಡಯ್ಯ" ಅನ್ನೋರಿಗೆ ಒಂದೇ ಮಾತು. ಸಿನಿಮಾ ಅಂತಲೇ ಮಾಡಿದರೆ ನೋಡೋಣ. ಆದರೆ ಶುರುವಿನಲ್ಲಿ ಗಂಭೀರ ದನಿಯಲ್ಲಿ 'ಮರೆತ ಇತಿಹಾಸ' ಅಂತೀರಿ, ತೆರಿಗೆ ವಿನಾಯಿತಿ ಕೇಳ್ತೀರಿ, ಶಾಲೆ ಮಕ್ಕಳಿಗೆ ಉಚಿತ ಶೋ ಹಾಕಿಸ್ತೀರಿ. ಪ್ರಶ್ನೆ ಕೇಳಿದಾಗ ಮಾತ್ರ ಅದು ಬರೀ ಕತೆ. ಮೀಸಲಾತಿ ಥರ ಪ್ರತಿ ಜಾತಿಗೂ ಒಂದು ಪಾತ್ರ ಕೊಡಿ ಅಂತ ನಾನು ಕೇಳ್ತಾ ಇಲ್ಲ. ಒಂದು ಸಿನಿಮಾ ಮಾಡಿ ಸಾಕು, ರಾಜ ಎಲ್ಲೋ ದೂರದಲ್ಲಿರಲಿ, ಅವನ ಮುಖ ತೋರಿಸಲೇಬೇಡಿ. ದನ ಹೊಡೆದುಕೊಂಡು ಹೋದರು ಅಂತ ಕೂಗು ಕೇಳಿ ಉಣ್ಣೋ ತಟ್ಟೆ ಬಿಟ್ಟು ಎದ್ದ ಒಬ್ಬನ ಕತೆ. ಮೂರು ಪಟ್ಟಿಕೆಯ ಸ್ಕ್ರಿಪ್ಟ್ ರೆಡಿ ಇದೆ, ರಾಯಲ್ಟಿ ಕೇಳೋರೂ ಇಲ್ಲ.

ಬೇಗ ಮಾಡಿ ಅಂತಷ್ಟೇ ಅವಸರ ನನಗೆ. ಕಲ್ಲುಗಳು ಹೋಗ್ತಾ ಇವೆ. ನಿಧಿ ಇದೆ ಅಂತ ಬುಡ ಅಗೆದು ಕೆಡವೋರು ಇದ್ದಾರೆ, ಬಟ್ಟೆ ಒಗೆಯೋ ಕಲ್ಲಾದವು ಇವೆ, ಮೋರಿಗೆ ಅಡ್ಡ ಹಾಸಿದವೂ ಇವೆ. ಮುಂದಿನ ಲಾಂಗ್ ವೀಕೆಂಡಿಗೆ ಜೋಗಕ್ಕೆ ಹೋಗೋರು ಶಿರಾಳಕೊಪ್ಪ, ಸೊರಬದ ಮೇಲೆ ಹೋಗಿ. ಯಾವುದಾದರೂ ಹಳ್ಳಿಯ ಗುಡಿಯ ಹತ್ತಿರ ಗಾಡಿ ನಿಲ್ಲಿಸಿ. ಕೆಳಗಿನ ಪಟ್ಟಿಕೆ ಸಾಮಾನ್ಯವಾಗಿ ಮಣ್ಣಲ್ಲಿ ಹೂತಿರುತ್ತೆ, ಅಂಚಿನಲ್ಲಿ ಪಾಚಿ ಕಟ್ಟಿರುತ್ತೆ. ಬಾಟಲಿಯಲ್ಲಿ ನೀರಿದ್ದರೆ ಸ್ವಲ್ಪ ಸುರಿದು, ಕೈಯಲ್ಲೇ ಮೆಲ್ಲಗೆ ಒರೆಸಿ. ಚಾಕು, ಕಲ್ಲು ಏನೂ ಹಾಕಿ ಕೆರೆಯಬೇಡಿ. ಸಂಜೆ ಬಿಸಿಲು ಅಡ್ಡ ಬೀಳುವಾಗ ಅಕ್ಷರ ಕಾಣುತ್ತೆ.